ವಿಂಡರ್‌ಮಿಯರ್ ಈಜಿ ಚಂದಾ ಎತ್ತುವವರಿಗೆ: ಶನಿವಾರದ ಕೊಳದಿಂದ ಶುರು ಮಾಡಿ

ಇಂಗ್ಲೆಂಡಿನ ವಿಂಡರ್‌ಮಿಯರ್ ಸರೋವರವನ್ನು ಈ ತುದಿಯಿಂದ ಆ ತುದಿಗೆ ಈಜುತ್ತೇನೆ, ಅದಕ್ಕೆ ಜನ ಕೊಡುವ ಚಂದಾ ದುಡ್ಡನ್ನು ವಿಕಲಚೇತನರ ಈಜು ತರಗತಿಗೆ ಕೊಡುತ್ತೇನೆ ಅಂತ ಯಾರಾದರೂ ಹೇಳಿದರೆ ನಾನು ಕೇಳುವ ಮೊದಲ ಪ್ರಶ್ನೆ ಒಂದೇ. ಆ ತರಗತಿಗೆ ಎಷ್ಟು ಸಲ ಹೋಗಿದ್ದೀರಿ? ಹೆಚ್ಚಿನವರು ಹೋಗಿರುವುದಿಲ್ಲ. ತಪ್ಪೇನಿಲ್ಲ, ಆದರೆ ಶುರು ಅಲ್ಲಿಂದಲೇ ಆಗಬೇಕು. ಅಲ್ಲಿ ನೋಡಿದ್ದೇ ಮುಂದೆ ಚಂದಾ ಕೇಳುವಾಗ ಬಾಯಿಗೆ ಬರುತ್ತದೆ, ಸರೋವರದ ಮಧ್ಯದಲ್ಲಿ ಕೈ ಸೋತಾಗ ನೆನಪಿಗೂ ಬರುತ್ತದೆ.

ನಾನಿರುವುದು ಇಂಗ್ಲೆಂಡಿನ ಉತ್ತರ ಭಾಗದಲ್ಲಿ. ಈಜು ಕಲಿತದ್ದು ಊರಿನ ಬಾವಿಯಲ್ಲಿ, ಬೆನ್ನಿಗೆ ಒಣ ತೆಂಗಿನಕಾಯಿ ಕಟ್ಟಿಕೊಂಡು. ಅಪ್ಪ ಹಗ್ಗದ ತುದಿ ಹಿಡಿದು ಕಟ್ಟೆಯ ಮೇಲೆ ನಿಂತಿರುತ್ತಿದ್ದರು. ಇಲ್ಲಿಗೆ ಬಂದ ಮೇಲೆ ಶನಿವಾರದ ಒಂದು ತರಗತಿಯಲ್ಲಿ ಸ್ವಯಂಸೇವಕಿಯಾಗಿ ಸೇರಿಕೊಂಡೆ, ಅದರ ಖರ್ಚಿಗೆಂದು ಉದ್ದದ ಈಜಿಗೆ ಇಳಿದೆ. ಆಗ ಗೊತ್ತಿದ್ದರೆ ಚೆನ್ನಾಗಿತ್ತು ಅನ್ನಿಸಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಇಂಗ್ಲೆಂಡಿನಲ್ಲಿರುವ ಕನ್ನಡಿಗರಿಗೆ ನೇರವಾಗಿ ಉಪಯೋಗವಾಗುತ್ತದೆ. ಊರಲ್ಲೇ ಮಾಡಬೇಕು ಅನ್ನುವವರಿಗೂ ಕೊನೆಯ ಕಡೆ ಸ್ವಲ್ಪ ಬರೆದಿದ್ದೇನೆ.

ಮೊದಲು ತರಗತಿಗೆ ಹೋಗಿ, ನೀರಿಗೆ ಇಳಿಯಿರಿ

ಹತ್ತಿರದ ಈಜುಕೊಳದಲ್ಲಿ ವಿಕಲಚೇತನರಿಗಾಗಿ ನಡೆಯುವ ತರಗತಿ ಯಾವುದಿದೆ ಅಂತ ವಿಚಾರಿಸಿ. ಕನಿಷ್ಠ ಐದಾರು ವಾರ ಸಹಾಯಕ್ಕೆ ಬರುತ್ತೇನೆ ಅಂತ ಹೇಳಿ. ಮಕ್ಕಳ ಜೊತೆ, ಆಸರೆ ಬೇಕಾದ ದೊಡ್ಡವರ ಜೊತೆ ಕೆಲಸ ಮಾಡಲು ಇಲ್ಲಿ ಡಿಬಿಎಸ್ ಅನ್ನುವ ತಪಾಸಣೆ (ಹಿಂದೆ ಅಪರಾಧದ ದಾಖಲೆ ಇದೆಯಾ ಅಂತ ನೋಡುವುದು) ಆಗಬೇಕು. ಸಂಘದವರೇ ಅದನ್ನು ಮಾಡಿಸುತ್ತಾರೆ, ಸ್ವಲ್ಪ ಸಮಯ ಹಿಡಿಯುತ್ತದೆ. ಹಾಗಾಗಿ ಇದೇ ನಿಮ್ಮ ಮೊದಲ ಕೆಲಸ ಆಗಲಿ.

ಹೋದಾಗ ಗಡಿಯಾರ ನೋಡುತ್ತಿರಿ. ತರಗತಿ ಒಂದು ಗಂಟೆ ಅಂತ ಬೋರ್ಡಿನಲ್ಲಿ ಇರುತ್ತದೆ. ಗಾಲಿಕುರ್ಚಿಯಲ್ಲಿ ಬಂದ ಒಬ್ಬ ಹುಡುಗ ಬಟ್ಟೆ ಬದಲಿಸಿ, ಜೋಲಿಯಂಥ ಬಟ್ಟೆಯಲ್ಲಿ ಕೂತು, ಹಾಯ್ಸ್ಟ್ ಎಂಬ ಎತ್ತುವ ಯಂತ್ರ ಅವನನ್ನು ಮೆಲ್ಲಗೆ ಎತ್ತಿ, ತಿರುಗಿಸಿ, ನೀರಿಗೆ ಇಳಿಸುವಷ್ಟರಲ್ಲಿ ಇಪ್ಪತ್ತು ನಿಮಿಷ ಹೋಗಿರುತ್ತದೆ, ಮೇಲೆ ಬರಲೂ ಅಷ್ಟೇ ಹೊತ್ತು ಬೇಕು. ಉಳಿದದ್ದು ಇಪ್ಪತ್ತೇ ನಿಮಿಷ. ಕೊಳವನ್ನು ಇನ್ನೊಂದು ಅರ್ಧ ಗಂಟೆ ಜಾಸ್ತಿ ಬಾಡಿಗೆಗೆ ಹಿಡಿದರೆ ಅವನ ನೀರಿನ ಹೊತ್ತು ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ಈ ಲೆಕ್ಕ ದಡದಲ್ಲಿ ನಿಂತು ನೋಡಿದವರಿಗೆ ಮಾತ್ರ ಹೊಳೆಯುತ್ತದೆ.

ಇಲ್ಲಿಯ ಹಲವು ತರಗತಿಗಳಲ್ಲಿ ಹ್ಯಾಲಿವಿಕ್ ಪದ್ಧತಿ ಇದೆ. 1949ರಲ್ಲಿ ಲಂಡನ್ನಿನ ಸೌತ್‌ಗೇಟ್‌ನಲ್ಲಿದ್ದ ಹ್ಯಾಲಿವಿಕ್ ಶಾಲೆಯ ಹೆಣ್ಣುಮಕ್ಕಳಿಗೆ ಈಜು ಕಲಿಸಲು ಜೇಮ್ಸ್ ಮೆಕ್‌ಮಿಲನ್ ಎಂಬ ಎಂಜಿನಿಯರ್ ಶುರು ಮಾಡಿದ್ದು. ಹತ್ತು ಹಂತಗಳಿವೆ. ಒಬ್ಬ ಕಲಿಯುವವರಿಗೆ ಒಬ್ಬ ಸಹಾಯಕರು ನೀರಿನಲ್ಲೇ ಜೊತೆಗಿರುತ್ತಾರೆ. ತೇಲಲು ಟ್ಯೂಬು, ತೋಳಪಟ್ಟಿ ಏನೂ ಕಟ್ಟುವುದಿಲ್ಲ. ನೀರೇ ಮೈಯನ್ನು ಎತ್ತುತ್ತದೆ, ಆ ಎತ್ತುವಿಕೆಯ ಜೊತೆ ಸಮತೋಲ ಕಂಡುಕೊಳ್ಳಬೇಕು ಅನ್ನುವುದು ಅದರ ತಿರುಳು. ತೆಂಗಿನಕಾಯಿ ಕಟ್ಟಿಕೊಂಡು ಕಲಿತ ನನಗೆ ಇದು ಮೊದಲು ವಿಚಿತ್ರ ಅನ್ನಿಸಿತ್ತು. ಆಮೇಲೆ ನೋಡಿದರೆ, ಕಾಯಿ ಬಿಚ್ಚಿದ ದಿನ ಅಪ್ಪ ಹೊಟ್ಟೆಯ ಕೆಳಗೆ ಕೈ ಇಟ್ಟು ಮಾಡಿದ್ದೂ ಇದನ್ನೇ.

ಮೊದಲ ಪಾಠ ಊದುವುದು. ಬಾಯಿ ನೀರಿನ ಮಟ್ಟಕ್ಕೆ ಬಂದಾಗ ಉಫ್ ಅಂತ ಊದಬೇಕು, ಆಗ ನೀರು ಒಳಗೆ ಹೋಗುವುದಿಲ್ಲ. ನನ್ನ ಜೊತೆಗಿದ್ದ ಹುಡುಗನಿಗೆ ಹನ್ನೊಂದು ವರ್ಷ, ಮಾತು ಬರುತ್ತಿರಲಿಲ್ಲ. ನನ್ನ ತೋಳಿನ ಮೇಲೆ ತಲೆ ಇಟ್ಟು ಅಂಗಾತ ಮಲಗುತ್ತಿದ್ದ. ಕಿವಿಗೆ ನೀರು ತಾಗಿದ ಕೂಡಲೇ ಕುತ್ತಿಗೆ ಕೊರಡಿನ ಹಾಗೆ ಬಿಗಿಯಾಗುತ್ತಿತ್ತು. ಐದು ವಾರ ಹಾಗೇ ಇತ್ತು. ಆರನೇ ವಾರ ಒಂದು ಕಿವಿ ಮುಳುಗಿತು, ಬಿಗಿಯಾಗಲಿಲ್ಲ. ಇನ್ನೊಂದೂ ಮುಳುಗಿತು. ತೋಳಿನ ಮೇಲಿದ್ದ ಭಾರ ನಿಧಾನವಾಗಿ ಕಡಿಮೆಯಾಯಿತು, ನೀರು ಅವನ ತಲೆಯನ್ನು ನನ್ನಿಂದ ತೆಗೆದುಕೊಂಡ ಹಾಗೆ. ಅವನು ಮೇಲಿನ ದೀಪಗಳನ್ನೇ ನೋಡುತ್ತಿದ್ದ. ಈ ತರಗತಿ ಎಂದರೆ ಏನು ಅಂತ ನನಗೆ ತಿಳಿದದ್ದು ಆಗಲೇ.

ದುಡ್ಡು ಯಾವುದಕ್ಕೆ? ಮೊದಲು ಬರೆದಿಡಿ

"ಒಳ್ಳೆಯ ಕೆಲಸಕ್ಕೆ ಕೊಡಿ" ಅಂದರೆ ಜನ ಹತ್ತು ಪೌಂಡ್ ಕೊಡುತ್ತಾರೆ. "ನಲವತ್ತು ಶನಿವಾರ ಕೊಳದ ಬಾಡಿಗೆ ಕಟ್ಟಬೇಕು, ನೀವು ಒಂದು ಶನಿವಾರ ವಹಿಸಿಕೊಳ್ಳುತ್ತೀರಾ?" ಅಂದರೆ ಯೋಚಿಸಿ, ಜಾಸ್ತಿ ಕೊಡುತ್ತಾರೆ. ಅದಕ್ಕೆ ತರಗತಿ ನಡೆಸುವವರ ಜೊತೆ ಕೂತು ಪಟ್ಟಿ ಮಾಡಿ.

ಕೊಳದ ಬಾಡಿಗೆ, ಅರ್ಹ ಶಿಕ್ಷಕರ ಸಂಬಳ, ಸ್ವಯಂಸೇವಕರ ತರಬೇತಿ, ದಡದಲ್ಲಿ ನಿಂತು ಕಣ್ಣಿಡುವವರು (ಫಿಟ್ಸ್ ಬರುವವರು ನೀರಿನಲ್ಲಿದ್ದಾಗ ಇದು ಬೇಕೇ ಬೇಕು), ಹಾಯ್ಸ್ಟ್‌ನ ಜೋಲಿಗಳು, ವಿಮೆ. ಬೆಚ್ಚಗಿನ ಕೊಳವಾದರೆ ಖರ್ಚು ಇನ್ನೂ ಜಾಸ್ತಿ. ಸ್ಪರ್ಧೆಯ ಕೊಳ 25ರಿಂದ 28 ಡಿಗ್ರಿ ಇದ್ದರೆ ಸಾಕು. ಸ್ನಾಯು ಬಿಗಿತ ಇರುವವರಿಗೆ, ಜಾಸ್ತಿ ಅಲುಗಾಡಲು ಆಗದವರಿಗೆ 33 ಡಿಗ್ರಿಯ ಆಸುಪಾಸಿನ ನೀರು ಬೇಕು, ತಣ್ಣಗಿದ್ದರೆ ಮೈ ಮತ್ತಷ್ಟು ಸೆಟೆದುಕೊಳ್ಳುತ್ತದೆ. ಅಷ್ಟು ಬಿಸಿ ಕಾಯ್ದುಕೊಳ್ಳಲು ತುಂಬಾ ದುಡ್ಡು ಬೇಕು.

ಲೆಕ್ಕ ಹೇಗಿರಬೇಕು ಅಂತ ತೋರಿಸಲು ಒಂದು ಉದಾಹರಣೆ ಕೊಡುತ್ತೇನೆ, ನಿಮ್ಮ ಕೊಳದ ದರ ಬೇರೆ ಇರುತ್ತದೆ. ಬಾಡಿಗೆ ವಾರಕ್ಕೆ 80 ಪೌಂಡ್, 40 ವಾರಕ್ಕೆ 3,200. ಶಿಕ್ಷಕರಿಗೆ ವಾರಕ್ಕೆ 30, ಒಟ್ಟು 1,200. ತರಬೇತಿಗೆ 300. ಎಲ್ಲ ಸೇರಿ 4,700.

ಈಗ ಗಿಫ್ಟ್ ಏಡ್. ಬ್ರಿಟನ್ನಿನಲ್ಲಿ ತೆರಿಗೆ ಕಟ್ಟುವವರು ದತ್ತಿ ಸಂಸ್ಥೆಗೆ (ಚಾರಿಟಿಗೆ) ಒಂದು ಪೌಂಡ್ ಕೊಟ್ಟು, ಅದಕ್ಕೆ ಒಪ್ಪಿಗೆ ಬರೆದುಕೊಟ್ಟರೆ, ಸರ್ಕಾರ ಮೇಲೆ 25 ಪೆನ್ನಿ ಸಂಸ್ಥೆಗೆ ಕೊಡುತ್ತದೆ. ಕೊಟ್ಟವರೆಲ್ಲ ಗಿಫ್ಟ್ ಏಡ್‌ಗೆ ಟಿಕ್ ಮಾಡಿದರೆ ನೀವು ಎತ್ತಬೇಕಾದದ್ದು 3,760 ಅಷ್ಟೇ, ಉಳಿದ 940 ಅಲ್ಲಿಂದ ಬರುತ್ತದೆ. ಆದರೆ ನಿಮ್ಮ ಕಂಪನಿ ಕೊಟ್ಟ ದುಡ್ಡಿಗೆ, ಯುಗಾದಿ ಕಾರ್ಯಕ್ರಮದಲ್ಲಿ ಮಾರಿದ ಲಾಟರಿ ಚೀಟಿಗೆ, ತಟ್ಟೆ ಲೆಕ್ಕದಲ್ಲಿ ಮಾರಿದ ಬಿಸಿಬೇಳೆಬಾತಿಗೆ ಇದು ಸಿಗುವುದಿಲ್ಲ. ತೆರಿಗೆ ಕಟ್ಟದ ವಿದ್ಯಾರ್ಥಿಗಳಿಂದ ಟಿಕ್ ಮಾಡಿಸಬೇಡಿ, ಆಮೇಲೆ ಅವರಿಗೇ ತೊಂದರೆ.

ಇನ್ನೂ ಮೂರು ವಿಷಯ ಇವೆ. ಸಂಸ್ಥೆ ನೋಂದಣಿ ಆಗಿದೆಯಾ ಅಂತ ಚಾರಿಟಿ ಕಮಿಷನ್ನಿನ ಪಟ್ಟಿಯಲ್ಲಿ ನೋಡಿ. ದುಡ್ಡು ನಿಮ್ಮ ಖಾತೆಗೆ ಬರದೆ, ಜಸ್ಟ್‌ಗಿವಿಂಗ್‌ನಂಥ ಜಾಲತಾಣದಲ್ಲಿ ನೀವು ತೆರೆದ ಚಂದಾ ಪುಟದಿಂದ ನೇರ ಸಂಸ್ಥೆಗೇ ಹೋಗಲಿ. ಗುರಿಗಿಂತ ಜಾಸ್ತಿ ಬಂದರೆ ಏನು ಮಾಡುತ್ತಾರೆ ಅನ್ನುವ ಒಂದು ಸಾಲನ್ನು ಮೊದಲೇ ಹಾಕಿ. "ಹೆಚ್ಚು ಬಂದರೆ ಮುಂದಿನ ವರ್ಷದ ಬಾಡಿಗೆಗೆ" ಅಂದರೆ ಸಾಕು. ಈ ಸಾಲು ಇಲ್ಲದೆ ಆಮೇಲೆ ಒದ್ದಾಡಿದವರನ್ನು ಕಂಡಿದ್ದೇನೆ.

ಎಷ್ಟು ದೂರ ಈಜಬೇಕು

ತೆರೆದ ನೀರಿನಲ್ಲಿ 10 ಕಿಲೋಮೀಟರಿಗೆ ಮ್ಯಾರಥಾನ್ ಈಜು ಅನ್ನುತ್ತಾರೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಿಂದ ಅದೇ ದೂರ ಒಲಿಂಪಿಕ್ಸ್‌ನಲ್ಲೂ ಇದೆ. ವಿಂಡರ್‌ಮಿಯರ್ ಇಂಗ್ಲೆಂಡಿನ ಅತಿ ದೊಡ್ಡ ಸರೋವರ, ಉದ್ದ ಹತ್ತೂವರೆ ಮೈಲಿ, ಅಂದರೆ ಸುಮಾರು 17 ಕಿಲೋಮೀಟರ್. ಗಂಟೆಗೆ ಎರಡೂವರೆ ಕಿಲೋಮೀಟರ್ ಹೋಗುವವರಿಗೆ ಊಟದ ನಿಲುಗಡೆ ಸೇರಿ ಏಳು ಗಂಟೆ ಅಂತ ಇಟ್ಟುಕೊಳ್ಳಿ.

ಮೊದಲ ಸಲವೇ ಪೂರ್ತಿ ಉದ್ದ ಬೇಡ. ಮೊದಲ ವರ್ಷ ಜೂನ್ ತಿಂಗಳಲ್ಲಿ ಅಲ್ಲೇ ನಡೆಯುವ ಗ್ರೇಟ್ ನಾರ್ತ್ ಸ್ವಿಮ್‌ನಂಥ ಕಾರ್ಯಕ್ರಮದಲ್ಲಿ ಚಿಕ್ಕ ದೂರ ಈಜಿ. ಹತ್ತಿರದ ಕೋನಿಸ್ಟನ್ ಸರೋವರ ಐದೂಕಾಲು ಮೈಲಿ, ಅದು ನಡುವಿನ ಮೆಟ್ಟಿಲು. ಆಮೇಲೆ ವಿಂಡರ್‌ಮಿಯರ್. ಕೊಡುವವರೂ ಈ ಏರಿಕೆಯನ್ನು ನೋಡುತ್ತಾ ಬರುತ್ತಾರೆ.

ವೆಟ್‌ಸೂಟ್ (ಚಳಿ ತಡೆಯುವ, ಮೈಗಂಟುವ ರಬ್ಬರಿನಂಥ ಉಡುಗೆ) ಹಾಕಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಖಂಡಿತ ಹಾಕಿ. ಇಂಗ್ಲಿಷ್ ಕಾಲುವೆ ದಾಟುವ ಸಾಂಪ್ರದಾಯಿಕ ನಿಯಮದಲ್ಲಿ ಒಂದು ಸಾದಾ ಈಜುಡುಗೆ, ಒಂದು ಟೋಪಿ, ಈಜುಗನ್ನಡಕ ಅಷ್ಟೇ. ನಿಮಗೆ ಆ ನಿಯಮ ಇಲ್ಲ. ಚಂದಾ ಪುಟದಲ್ಲಿ ವೆಟ್‌ಸೂಟ್ ಹಾಕಿ ಈಜುತ್ತೇನೆ ಅಂತ ಬರೆದರೆ ಆಯಿತು.

ಮೈ ತಯಾರಿ, ಚಳಿ ತಯಾರಿ

ಎಂಟೊಂಬತ್ತು ತಿಂಗಳು ಬೇಕು. ಕೊಳದಲ್ಲಿ ನಿಲ್ಲದೆ 2 ಕಿಲೋಮೀಟರ್ ಈಜಲು ಬರುವವರಿಗೆ ಹೇಳುತ್ತಿರುವ ಲೆಕ್ಕ ಇದು. ವಾರಕ್ಕೆ ಮೂರು ಸಲ ಈಜಿ: ಒಂದು ದಿನ ವೇಗಕ್ಕೆ, ಒಂದು ದಿನ ಕೈ ಬೀಸುವ ರೀತಿ ತಿದ್ದಿಕೊಳ್ಳಲು, ಒಂದು ದಿನ ಉದ್ದಕ್ಕೆ. ಉದ್ದದ ದಿನವನ್ನು ವಾರ ವಾರ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಭುಜ ನೋಯಲು ಶುರುವಾದರೆ ನಿಲ್ಲಿಸಿ, ಫಿಸಿಯೋ ಹತ್ತಿರ ಹೋಗಿ, ಹಲ್ಲು ಕಚ್ಚಿಕೊಂಡು ಮುಂದುವರಿಯಬೇಡಿ. ಮುಖ್ಯ ಈಜಿಗೆ ಮೂರು ನಾಲ್ಕು ವಾರ ಮುಂಚೆ ತೆರೆದ ನೀರಿನಲ್ಲಿ ಐದು ಗಂಟೆ ಈಜಿ ನೋಡಿ. ಅದಾದರೆ ಏಳೂ ಆಗುತ್ತದೆ.

ಕರ್ನಾಟಕದಿಂದ ಬಂದ ನಮಗೆ ದೂರಕ್ಕಿಂತ ಚಳಿಯೇ ದೊಡ್ಡದು. ವಸಂತದಲ್ಲಿ ಈ ಸರೋವರದ ನೀರು ಹತ್ತು ಡಿಗ್ರಿಗಿಂತ ಕೆಳಗೂ ಇರುತ್ತದೆ, ಬೇಸಿಗೆಯಲ್ಲಿ 16ರಿಂದ 20 ಇರಬಹುದು. ತಣ್ಣೀರಿಗೆ ಇಳಿದ ಮೊದಲ ಒಂದೆರಡು ನಿಮಿಷ ಉಸಿರು ತನ್ನಷ್ಟಕ್ಕೇ ಎಳೆದುಕೊಳ್ಳುತ್ತದೆ, ಎದೆ ಬಡಿದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಮುಖ ನೀರೊಳಗಿದ್ದರೆ ಅಪಾಯ. ಅದಕ್ಕೆ ಧುಮುಕಬೇಡಿ. ಮೊಣಕಾಲು, ಸೊಂಟ, ಕುತ್ತಿಗೆಯ ಹಿಂಭಾಗ, ಹೀಗೆ ಮೆಲ್ಲಗೆ ಇಳಿದು ಉಸಿರು ಹತೋಟಿಗೆ ಬಂದ ಮೇಲೆ ಮುಖ ಇಡಿ. ಐದಾರು ಸಲ ಚಿಕ್ಕದಾಗಿ ಇಳಿದು ಬಂದರೂ ಈ ಆಘಾತ ಎಷ್ಟೋ ಕಡಿಮೆ ಆಗುತ್ತದೆ. ಮೇ ತಿಂಗಳಲ್ಲಿ ಶುರು ಮಾಡಿ, ಯಾವತ್ತೂ ಒಬ್ಬರೇ ಹೋಗಬೇಡಿ.

ಹೊರಗೆ ಬಂದ ಮೇಲೂ ಒಂದು ಗಂಡಾಂತರ ಇದೆ. ನೀರಿನಿಂದ ಬಂದ ಹತ್ತು ನಿಮಿಷಕ್ಕೆ ಮೈಯೊಳಗಿನ ಬಿಸಿ ಇನ್ನೂ ಇಳಿಯುತ್ತಾ ಹೋಗುತ್ತದೆ, ದಡದಲ್ಲಿ ನಗುತ್ತಾ ನಿಂತವರು ಸ್ವಲ್ಪ ಹೊತ್ತಿಗೆ ಗಡಗಡ ನಡುಗುತ್ತಾರೆ. ಒದ್ದೆ ಬಟ್ಟೆ ತಕ್ಷಣ ತೆಗೆಯಿರಿ, ಒಣಗಿದ್ದನ್ನು ಪದರ ಪದರವಾಗಿ ಹಾಕಿ, ಉಣ್ಣೆ ಟೋಪಿ ಹಾಕಿ, ಬೆಚ್ಚಗಿನದ್ದೇನಾದರೂ ಗುಟುಕು ಗುಟುಕಾಗಿ ಕುಡಿಯಿರಿ. ಬಿಸಿ ಶವರ್ ಕೆಳಗೆ ಓಡಬೇಡಿ, ತಲೆ ಸುತ್ತಿ ಬೀಳುವ ಸಾಧ್ಯತೆ ಇದೆ. ನಡುಕ ನಿಲ್ಲುವವರೆಗೆ ಕಾರು ಓಡಿಸಬೇಡಿ.

ಇನ್ನೊಂದು ಅಷ್ಟಾಗಿ ಜನರಿಗೆ ಗೊತ್ತಿಲ್ಲ. ಉದ್ದದ ತಣ್ಣೀರಿನ ಈಜಿನಲ್ಲಿ ಕೆಲವರಿಗೆ ಶ್ವಾಸಕೋಶದಲ್ಲಿ ದ್ರವ ತುಂಬುತ್ತದೆ. ಅದು ಕುಡಿದ ನೀರಲ್ಲ, ಮೈಯೊಳಗಿನದೇ. ದಣಿವಿಗೆ ಸಂಬಂಧವಿಲ್ಲದ ಏದುಸಿರು, ಕೆಮ್ಮು, ಎದೆಯಲ್ಲಿ ಗೊರಗೊರ ಸದ್ದು, ಗುಲಾಬಿ ಬಣ್ಣದ ನೊರೆ. ಇದರಲ್ಲಿ ಒಂದು ಕಂಡರೂ ಈಜು ಮುಗಿಯಿತು ಅಂತ ತಿಳಿಯಿರಿ. ಹೊರಗೆ ಬನ್ನಿ, ಆಸ್ಪತ್ರೆಗೆ ಹೋಗಿ. ಬಿಪಿ ಇರುವವರು, ಹೃದಯದ ತೊಂದರೆ ಇರುವವರು ತಯಾರಿ ಶುರು ಮಾಡುವ ಮೊದಲೇ ಡಾಕ್ಟರ ಹತ್ತಿರ ಮಾತಾಡಿ.

ಬೇಸಿಗೆಯಲ್ಲಿ ಸರೋವರದಲ್ಲಿ ನೀಲಿ ಹಸಿರು ಪಾಚಿ ಹಬ್ಬುತ್ತದೆ. ದಡದಲ್ಲಿ ಹಸಿರು ಬಣ್ಣ ಚೆಲ್ಲಿದ ಹಾಗೆ ಕಂಡರೆ ಇಳಿಯಬೇಡಿ, ಅದರಲ್ಲಿ ವಿಷ ಇರಬಹುದು. ಇಲಿಜ್ವರದ ಭಯವೂ ಇದೆ, ಗಾಯವಿದ್ದರೆ ನೀರು ನಿಲ್ಲುವ ಪ್ಲಾಸ್ಟರ್ ಹಾಕಿಕೊಳ್ಳಿ.

ನಿಮ್ಮ ಜೊತೆಗಿರುವ ದೋಣಿ

ಸಂಘಟಿತ ಕಾರ್ಯಕ್ರಮದಲ್ಲಿ ಈಜಿದರೆ ದೋಣಿ, ರಕ್ಷಕರು ಎಲ್ಲ ಅವರದೇ. ಬ್ರಿಟಿಷ್ ಲಾಂಗ್ ಡಿಸ್ಟೆನ್ಸ್ ಸ್ವಿಮ್ಮಿಂಗ್ ಅಸೋಸಿಯೇಷನ್ 1956ರಿಂದ ಇಂಥ ಈಜುಗಳನ್ನು ನಡೆಸುತ್ತಿದೆ, ಅವರ ಅನುಭವಕ್ಕೆ ಬೆಲೆ ಕೊಡಿ. ಸ್ವಂತವಾಗಿ ಮಾಡುವುದಾದರೆ ಅನುಭವಿ ಚಾಲಕರಿರುವ ಒಂದು ಮೋಟಾರು ದೋಣಿ, ಒಂದು ಕಯಾಕ್ (ಹುಟ್ಟು ಹಾಕುವ ಕಿರಿದಾದ ಚಿಕ್ಕ ದೋಣಿ), ಎರಡೂ ಇರಲಿ. ಕಯಾಕ್ ನಿಮ್ಮ ಪಕ್ಕದಲ್ಲೇ, ನೀವು ಉಸಿರೆಳೆಯುವ ಕಡೆ ಇರಬೇಕು. ಸೊಂಟಕ್ಕೆ ಕಟ್ಟುವ ಬಣ್ಣದ ಗುಳ್ಳೆಚೀಲ ದೂರದ ದೋಣಿಯವರಿಗೆ ನೀವು ಕಾಣಲಿ ಅಂತ, ಜೀವ ಉಳಿಸಲು ಅದನ್ನು ನಂಬಬೇಡಿ.

ಸರೋವರದ ನಡುವೆ, ಬೋನೆಸ್ ಎಂಬ ಊರಿನ ಹತ್ತಿರ, ಕಾರು ಸಾಗಿಸುವ ಫೆರ್ರಿ ಒಂದಿದೆ. ಅದು ಕೇಬಲ್ ಹಿಡಿದು ಆಚೆ ಈಚೆ ಓಡುತ್ತದೆ. ನಿಮಗಾಗಿ ಪಕ್ಕಕ್ಕೆ ಸರಿಯಲು ಅದಕ್ಕೆ ಆಗುವುದೇ ಇಲ್ಲ, ಆದ್ದರಿಂದ ಕಾಯಬೇಕಾದವರು ನೀವೇ. ಮೊದಲೇ ಸರೋವರದ ವಾರ್ಡನ್‌ಗಳಿಗೂ ಫೆರ್ರಿಯವರಿಗೂ ದಿನ, ಸಮಯ ತಿಳಿಸಿ. ಕಯಾಕ್‌ನವರು ಕೈ ಎತ್ತಿ ನಿಲ್ಲಿಸಿದರೆ ನಿಲ್ಲಿ, ಹೋಗು ಅಂದಾಗ ಹೋಗಿ. ಮೋಟಾರು ದೋಣಿಗಳಿಗೆ 2005ರಿಂದ 10 ನಾಟ್ (ಗಂಟೆಗೆ ಸುಮಾರು 18.5 ಕಿಲೋಮೀಟರ್) ವೇಗದ ಮಿತಿ ಇದೆ, ಆದರೂ ರಜೆಯ ದಿನ ಮಧ್ಯಾಹ್ನ ಬೋನೆಸ್ ಹತ್ತಿರ ದೋಣಿಗಳ ಸಂತೆ. ವಾರದ ನಡುವಿನ ದಿನ, ಬೆಳಗಿನ ಜಾವ ಶುರು ಮಾಡಿ. ಇಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುತ್ತದೆ, ಹಾಗಾಗಿ ದಕ್ಷಿಣದ ಫೆಲ್ ಫುಟ್ ಕಡೆಯಿಂದ ಉತ್ತರದ ಆಂಬಲ್‌ಸೈಡ್ ಕಡೆಗೆ ಈಜಿದರೆ ಗಾಳಿ ಬೆನ್ನಿಗಿರುತ್ತದೆ.

ದೋಣಿಯಲ್ಲಿ ಇರುವವರಿಗೆ ಮೂರು ಕೆಲಸ ಕಲಿಸಿ. ಒಂದು, ಹದಿನೈದು ನಿಮಿಷಕ್ಕೊಮ್ಮೆ ನಿಮ್ಮ ಕೈಬೀಸು ನಿಮಿಷಕ್ಕೆ ಎಷ್ಟು ಅಂತ ಎಣಿಸಿ ಬರೆಯುವುದು. 60 ಇದ್ದದ್ದು 50ಕ್ಕೆ ಇಳಿಯಿತು ಅಂದರೆ ದಣಿವೋ ಚಳಿಯೋ ಒಳಗೆ ಹೊಕ್ಕಿದೆ. ಎರಡು, ಪ್ರತಿ ನಿಲುಗಡೆಯಲ್ಲೂ ಒಂದು ಪ್ರಶ್ನೆ ಕೇಳುವುದು. ನನ್ನ ಗಂಡ ಕೇಳುತ್ತಿದ್ದದ್ದು "ನಿನ್ನ ತಂಗಿ ಮಗಳ ಹೆಸರೇನು?" ಅಂತ. ಮಾತು ತೊದಲಿದರೆ, ಉತ್ತರಕ್ಕೆ ತಡವರಿಸಿದರೆ ಮೇಲೆ ಎಳೆದುಕೊಳ್ಳಬೇಕು. ಮೂರು, ಆ ತೀರ್ಮಾನ ಅವರದೇ. ಚಳಿ ಹೊಕ್ಕ ತಲೆ "ನಾನು ಚೆನ್ನಾಗಿದ್ದೇನೆ" ಅಂತಲೇ ಹೇಳುತ್ತದೆ. ಅದಕ್ಕೇ ಹಿಂದಿನ ರಾತ್ರಿಯೇ "ನೀವು ಹೇಳಿದರೆ ನಾನು ವಾದ ಮಾಡದೆ ಬರುತ್ತೇನೆ" ಅಂತ ಮಾತು ಕೊಡಿ. ತುರ್ತಿಗೆ 999. ಸರೋವರದಲ್ಲಾದರೆ ಅಗ್ನಿಶಾಮಕದವರನ್ನು, ಕಡಲಿನಲ್ಲಾದರೆ ಕೋಸ್ಟ್‌ಗಾರ್ಡ್ ಅನ್ನು ಕೇಳಬೇಕು.

ನೀರಿನಲ್ಲಿ ಊಟ

ಅರ್ಧ ಗಂಟೆಗೊಮ್ಮೆ ಏನಾದರೂ ಒಳಗೆ ಹೋಗಬೇಕು, ಹಸಿವಾಗುವವರೆಗೆ ಕಾಯಬಾರದು. ಗಂಟೆಗೆ ಸುಮಾರು 60 ಗ್ರಾಂ ಕಾರ್ಬೋಹೈಡ್ರೇಟ್ ಗುರಿ ಇಟ್ಟುಕೊಳ್ಳಿ. ಹೆಚ್ಚಿನವರು ಮಾಲ್ಟೊಡೆಕ್ಸ್‌ಟ್ರಿನ್ ಎಂಬ ಪಿಷ್ಟದ ಪುಡಿಯನ್ನು ಬೆಚ್ಚಗಿನ ಹಣ್ಣಿನ ರಸದಲ್ಲಿ ಕಲಸಿ ಕುಡಿಯುತ್ತಾರೆ. ನಾನು ಅದನ್ನೂ ಕುಡಿಯುತ್ತೇನೆ, ನಡುನಡುವೆ ಫ್ಲಾಸ್ಕಿನ ರಾಗಿ ಗಂಜಿಯನ್ನೂ ಕುಡಿಯುತ್ತೇನೆ. ಹಿಟ್ಟನ್ನು ತೆಳ್ಳಗೆ ಕಾಯಿಸಿ, ಬೆಲ್ಲ, ಚಿಟಿಕೆ ಉಪ್ಪು ಹಾಕಿ, ಬಟ್ಟೆಯಲ್ಲಿ ಸೋಸಬೇಕು. ಗಂಟಿದ್ದರೆ ಬಾಟಲಿಯ ಮೂತಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಮೂರು ಗಂಟೆ ತಣ್ಣೀರಿನಲ್ಲಿದ್ದು, ಬಾಯಿ ಮರಗಟ್ಟಿರುವಾಗ ಆ ಬೆಚ್ಚಗಿನ ಬೆಲ್ಲದ ರುಚಿ ಗಂಟಲಿಗೆ ಇಳಿಯುವುದು ಹೊಟ್ಟೆಯವರೆಗೂ ತಿಳಿಯುತ್ತದೆ. ಆದರೆ ರಾಗಿಯ ನಾರು ಎಲ್ಲರ ಹೊಟ್ಟೆಗೂ ಒಗ್ಗುವುದಿಲ್ಲ, ತಯಾರಿಯ ದಿನಗಳಲ್ಲೇ ಕುಡಿದು ನೋಡಿ.

ಬಾಟಲಿಗೆ ದಾರ ಕಟ್ಟಿ ಎಸೆಯಲಿ, ಕುಡಿದು ಬಿಟ್ಟ ಮೇಲೆ ಎಳೆದುಕೊಳ್ಳಲಿ. ನೀವು ದೋಣಿ ಮುಟ್ಟಬೇಡಿ, ಉದ್ದದ ಈಜಿನಲ್ಲಿ ಅದೇ ಕ್ರಮ. ಒಂದು ನಿಮಿಷದೊಳಗೆ ಮುಗಿಸಿ, ಜಾಸ್ತಿ ನಿಂತರೆ ಮೈ ತಣ್ಣಗಾಗುತ್ತದೆ. ಕುತ್ತಿಗೆ, ಕಂಕುಳಿಗೆ ಮೊದಲೇ ವ್ಯಾಸಲೀನ್ ದಪ್ಪಗೆ ಹಚ್ಚಿರಿ, ಇಲ್ಲದಿದ್ದರೆ ವೆಟ್‌ಸೂಟಿನ ಅಂಚು ಚರ್ಮ ಕಿತ್ತುಬಿಡುತ್ತದೆ.

ಕೇಳುವ ರೀತಿ

ನನಗೆ ಇದು ಇಡೀ ಲೇಖನದಲ್ಲಿ ತುಂಬಾ ಮುಖ್ಯ ಅನ್ನಿಸುವ ಭಾಗ. ಚಂದಾ ಕೇಳುವಾಗ "ಪಾಪ" ಅನ್ನುವ ಮಾತು ಬೇಡ. "ನತದೃಷ್ಟರು", "ದೇವರ ಮಕ್ಕಳು" ಯಾವುದೂ ಬೇಡ. ಅವರು ಈಜು ಕಲಿಯಲು ಬಂದವರು, ನಾವೆಲ್ಲ ಹೇಗೆ ಕಲಿತೆವೋ ಹಾಗೆ. ಅವರಿಗೆ ಕೊರತೆ ಇರುವುದು ಕೊಳದ ಹೊತ್ತು, ಹಾಯ್ಸ್ಟ್, ಬಟ್ಟೆ ಬದಲಿಸಲು ಜಾಗ, ಸಹಾಯಕರು. ನೀವು ದುಡ್ಡು ಕೇಳುತ್ತಿರುವುದು ಅದಕ್ಕೆ. ಮಕ್ಕಳ ಫೋಟೋ ಹಾಕುವುದಾದರೆ ತಂದೆ ತಾಯಿಯ ಒಪ್ಪಿಗೆ ಬೇಕು, ಮಗುವಿಗೆ ಹೇಳಲು ಬಂದರೆ ಮಗುವಿನದೂ ಬೇಕು. ದೊಡ್ಡವರಾದರೆ ಅವರನ್ನೇ ಕೇಳಿ, ಜೊತೆಗೆ ಬಂದವರನ್ನಲ್ಲ. ಬರೆದದ್ದನ್ನು ಪ್ರಕಟಿಸುವ ಮೊದಲು ತರಗತಿಯ ಒಬ್ಬಿಬ್ಬರಿಗೆ ಓದಿ ಹೇಳಿ. ನನ್ನ ಮೊದಲ ಕರಡನ್ನು ಗಾಲಿಕುರ್ಚಿಯಲ್ಲಿರುವ ಒಬ್ಬ ಹಿರಿಯರಿಗೆ ತೋರಿಸಿದಾಗ ಅವರು "ಇದರಲ್ಲಿ ನಾನು ಎಲ್ಲೂ ಈಜುತ್ತಲೇ ಇಲ್ಲವಲ್ಲಮ್ಮಾ, ಬರೀ ಕಾಯುತ್ತಾ ಕೂತಿದ್ದೇನೆ" ಅನ್ನುವ ಅರ್ಥದ ಮಾತು ಹೇಳಿದರು. ಪೂರ್ತಿ ಹೊಸದಾಗಿ ಬರೆದೆ.

ವಿಕಲಚೇತನರು ಈಜಿನಲ್ಲಿ ಏನು ಮಾಡಿದ್ದಾರೆ ಅನ್ನುವುದೂ ನಿಮ್ಮ ಪುಟದಲ್ಲಿರಲಿ. ಭಾರತಕ್ಕೆ ಪ್ಯಾರಾಲಿಂಪಿಕ್ಸ್‌ನ ಮೊದಲ ಚಿನ್ನ ಬಂದದ್ದೇ ಈಜಿನಿಂದ, 1972ರಲ್ಲಿ ಹೈಡಲ್‌ಬರ್ಗ್‌ನಲ್ಲಿ, 50 ಮೀಟರ್ ಫ್ರೀಸ್ಟೈಲ್‌ನಲ್ಲಿ ಮುರಳಿಕಾಂತ್ ಪೇಟ್ಕರ್ ಗೆದ್ದದ್ದು. 1965ರ ಯುದ್ಧದಲ್ಲಿ ಗುಂಡು ತಗುಲಿದ ಸೈನಿಕ ಅವರು. ನಮ್ಮ ಬೆಂಗಳೂರಿನ ಶರತ್ ಗಾಯಕ್ವಾಡ್ 2014ರ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಆರು ಪದಕ ಗೆದ್ದರು. ಕಿವಿ ಕೇಳಿಸದ ತಾರಾನಾಥ ಶೆಣೈ 1980ರ ದಶಕದಲ್ಲಿ ಇಂಗ್ಲಿಷ್ ಕಾಲುವೆಯನ್ನೇ ದಾಟಿದರು. ಇವರ ಹೆಸರು ಹೇಳಿದಾಗ ಕನ್ನಡ ಬಳಗದ ಹಿರಿಯರ ಮುಖದಲ್ಲಿ ಬರುವ ಆಸಕ್ತಿಯೇ ಬೇರೆ.

ಇನ್ನು ಕ್ರಮ. ಮೊದಲು ಹತ್ತಿರದ ನಾಲ್ಕೈದು ಜನಕ್ಕೆ ಫೋನ್ ಮಾಡಿ ಕೇಳಿ, ಕೈ ಬಿಚ್ಚಿ ಕೊಡುವವರಿಗೇ ಮೊದಲು. ಪುಟದಲ್ಲಿ ಮೇಲೆ 100 ಪೌಂಡ್ ಕಂಡರೆ ಮುಂದೆ ಬರುವವರು ಅದನ್ನು ನೋಡಿಯೇ ಕೊಡುತ್ತಾರೆ. ಆಮೇಲೆ ಆಫೀಸು. ಉದ್ಯೋಗಿ ಎತ್ತಿದಷ್ಟೇ ತಾನೂ ಸೇರಿಸುವ ಪದ್ಧತಿ ಕೆಲವು ಕಂಪನಿಗಳಲ್ಲಿದೆ, ಎಚ್‌ಆರ್ ಅನ್ನು ಕೇಳಿ. ಎಲ್ಲರಿಗೂ ಸೇರಿ ಒಂದೇ ವಾಟ್ಸಾಪ್ ಸಂದೇಶ ಹಾಕಿದರೆ ಹೆಬ್ಬೆರಳು ಬರುತ್ತದೆ, ದುಡ್ಡು ಬರುವುದಿಲ್ಲ. ಒಬ್ಬೊಬ್ಬರಿಗೂ ಹೆಸರು ಹಿಡಿದು ಬರೆಯಿರಿ. ಈಜಿನ ಹಿಂದಿನ ವಾರ, ಈಜಿನ ದಿನ, ಮುಗಿದ ಮಾರನೆಯ ದಿನ, ಈ ಮೂರು ಸಲ ನೆನಪಿಸಿ. ನನಗೆ ಜಾಸ್ತಿ ಬಂದದ್ದು ಮುಗಿದ ಮೇಲೆಯೇ.

ದೋಣಿ ಬಾಡಿಗೆ, ಪೆಟ್ರೋಲು, ಗೆಳೆಯರ ಊಟ ಚಂದಾ ದುಡ್ಡಿನಿಂದ ಹೋಗಬಾರದು. ನಿಮ್ಮ ಕೈಯಿಂದ ಹಾಕಿ, ಹಾಗೆ ಹಾಕಿದ್ದೇನೆ ಅಂತಲೂ ಬರೆಯಿರಿ. "ನಾನು ಕೊಟ್ಟದ್ದರಲ್ಲಿ ಎಷ್ಟು ಅಲ್ಲಿಗೆ ಹೋಗುತ್ತೆ?" ಅನ್ನುವುದು ಎಲ್ಲರ ಮನಸ್ಸಿನಲ್ಲೂ ಇರುವ ಪ್ರಶ್ನೆ.

ಊರಲ್ಲಿ ಮಾಡುವವರಿಗೆ

ಜಲಾಶಯ, ಕೆರೆಗಳಿಗೆ ಅನುಮತಿ ಇಲ್ಲದೆ ಸುಮ್ನೆ ಇಳಿಯಬೇಡಿ. ಕಡಲಾದರೆ ಮಳೆಗಾಲ ಪೂರ್ತಿ ಮುಗಿದ ಮೇಲೆ, ಆ ನೀರಿನ ಸೆಳೆತ ಗೊತ್ತಿರುವ ಮೀನುಗಾರರ ದೋಣಿ ಜೊತೆಗಿಟ್ಟುಕೊಂಡು, ಪೊಲೀಸರಿಗೂ ಕರಾವಳಿ ಕಾವಲು ಪಡೆಗೂ ತಿಳಿಸಿ. ಅಲ್ಲಿ ಚಳಿಯ ಬದಲು ಬಿಸಿಲು, ಲೋಳೆಮೀನಿನ ಕುಟುಕು. ಇಷ್ಟೆಲ್ಲ ಆಗದಿದ್ದರೆ ಈಜುಕೊಳದಲ್ಲೇ 10 ಕಿಲೋಮೀಟರ್ ಈಜಿ. 50 ಮೀಟರ್ ಕೊಳದಲ್ಲಿ 200 ಉದ್ದ. ಕೊಟ್ಟವರು ದಡದಲ್ಲಿ ಕೂತು ಎಣಿಸಬಹುದು, ಅದಕ್ಕೂ ಒಂದು ಸೊಗಸಿದೆ.

ದುಡ್ಡಿನ ಕಡೆ ಎರಡು ಎಚ್ಚರ. ಸಂಸ್ಥೆಗೆ ದೇಣಿಗೆಯ ತೆರಿಗೆ ರಿಯಾಯಿತಿಯ ಮಾನ್ಯತೆ (80ಜಿ ಅಂತ ಹೆಸರಾದದ್ದು) ಇದ್ದರೆ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ರಿಯಾಯಿತಿ ಸಿಗುತ್ತದೆ, 2,000 ರೂಪಾಯಿ ಮೇಲಿನ ನಗದಿಗೆ ಸಿಗುವುದಿಲ್ಲ. ಹೊರದೇಶದ ನೆಂಟರಿಂದ ತೆಗೆದುಕೊಳ್ಳುವ ಮೊದಲು ಅವರ ಪಾಸ್‌ಪೋರ್ಟ್ ಯಾವುದು ಕೇಳಿ. ಭಾರತದ ಪಾಸ್‌ಪೋರ್ಟ್ ಇರುವವರು ಬ್ಯಾಂಕ್ ಮೂಲಕ ತಮ್ಮ ಉಳಿತಾಯದಿಂದ ಕೊಡಬಹುದು. ಬ್ರಿಟಿಷ್ ಅಥವಾ ಅಮೆರಿಕದ ಪೌರತ್ವ ಪಡೆದವರು ಕೊಟ್ಟರೆ, ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯ ಲೆಕ್ಕ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆಯ ಕಾಯ್ದೆ) ಅಡಿ ನೋಂದಣಿ ಅಥವಾ ಮುಂಚಿತ ಅನುಮತಿ ಇಲ್ಲದ ಸಂಸ್ಥೆ ಅದನ್ನು ಮುಟ್ಟುವಂತಿಲ್ಲ.

ಮುಗಿದ ಮೇಲೆ

ಮೊದಲ ಎರಡು ದಿನ ಮಲಗಿ. ವೆಟ್‌ಸೂಟನ್ನೂ ಕಯಾಕನ್ನೂ ತೊಳೆದು ಪೂರ್ತಿ ಒಣಗಿಸಿ, ಇಲ್ಲದಿದ್ದರೆ ಒಂದು ಸರೋವರದ ಕಳೆ, ಹುಳ ಇನ್ನೊಂದಕ್ಕೆ ಹೋಗುತ್ತದೆ.

ಈಜು ಪೂರ್ತಿಯಾಗದಿದ್ದರೂ ಕೊಟ್ಟವರಿಗೆ ಅಂದೇ ತಿಳಿಸಿ. ಎಷ್ಟು ದೂರ ಹೋದಿರಿ, ಯಾಕೆ ಮೇಲೆ ಬಂದಿರಿ, ಅಷ್ಟು ಹೇಳಿದರೆ ಸಾಕು. ಒಂದು ವಾರದೊಳಗೆ ಒಬ್ಬೊಬ್ಬರಿಗೂ ಧನ್ಯವಾದ ಬರೆಯಿರಿ. ಗಿಫ್ಟ್ ಏಡ್ ದುಡ್ಡು ತಡವಾಗಿ ಬರುತ್ತದೆ, ಅದು ಬಂದ ಮೇಲೆ ಕೊನೆಯ ಲೆಕ್ಕ ಕಳಿಸಿ: ಇಷ್ಟು ಬಂತು, ಇಷ್ಟು ವಾರದ ಬಾಡಿಗೆ ಕಟ್ಟಿದೆವು, ಹೊಸ ತರಗತಿ ಇಂಥ ದಿನ ಶುರು. ಕೊಟ್ಟವರಲ್ಲಿ ಹತ್ತಿರ ಇರುವವರನ್ನು ಒಂದು ಶನಿವಾರ ಸಹಾಯಕ್ಕೆ ಕರೆಯಿರಿ. ನನ್ನ ಚಂದಾ ಪಟ್ಟಿಯಿಂದ ಇಬ್ಬರು ಹಾಗೆ ಬಂದವರು ಈಗ ತರಬೇತಿ ಮುಗಿಸಿ ನೀರಿಗೆ ಇಳಿಯುತ್ತಿದ್ದಾರೆ.

ನೀವು ಮುಂದಿನ ಶನಿವಾರವೇ ಹೋಗಿ, ಮಕ್ಕಳು ಕಾಯುತ್ತಿರುತ್ತಾರೆ, ಎಷ್ಟು ಗಂಟೆ ಈಜಿದಿರಿ ಅಂತ ಕೇಳುತ್ತಾರೆ. ಆದರೆ ಭುಜ ಇನ್ನೂ ನೋಯುತ್ತಿರುತ್ತದೆ. ಆ ವಾರ ಯಾರನ್ನೂ ತೋಳಿನ ಮೇಲೆ ಹಿಡಿಯುವ ಕೆಲಸ ಬೇಡ, ದಡದಲ್ಲಿ ನಿಂತು ಕಣ್ಣಿಡುವ ಕೆಲಸ ಕೇಳಿ ತೆಗೆದುಕೊಳ್ಳಿ.